ಹದಿನೈದರ ಹುಡುಗ ಯುದ್ಧಭೂಮಿಯಲ್ಲಿ ಸೆರೆಸಿಕ್ಕರೆ ಕಾನೂನು ಏನನ್ನುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕ್ಯೂಬಾದಲ್ಲಿ ಅಮೆರಿಕ ನಡೆಸುವ ಗ್ವಾಂಟನಾಮೊ ಸೆರೆಮನೆಯ ಪ್ರಸ್ತಾಪ ಬಂದಾಗ ಒಮರ್ ಖಾದರ್ ಎಂಬ ಹುಡುಗನ ಪ್ರಕರಣ ಹೇಳಿದೆ. ತರಗತಿ ಎರಡು ಪಾಲಾಯಿತು. ‘ಹದಿನೈದು ವರ್ಷ ಅಂದರೆ ಮಗುವೇ, ಬಿಟ್ಟು ಕಳಿಸಬೇಕಿತ್ತು’ ಎಂದು ಕೆಲವರು. ‘ಗ್ರೆನೇಡ್ ಎಸೆದು ಸೈನಿಕನನ್ನು ಕೊಂದವನು ಎಂಥ ಮಗು? ಸತ್ತವನಿಗೂ ಮಕ್ಕಳಿದ್ದರಲ್ಲ’ ಎಂದು ಇನ್ನು ಕೆಲವರು. ನಿಜಕ್ಕೂ ಕಾನೂನು ಏನು ಹೇಳುತ್ತದೆ ಸರ್? ನಮ್ಮ ದೇಶದಲ್ಲಿ ಹೀಗಾದರೆ ಏನು ಮಾಡುತ್ತಾರೆ?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಎರಡು ಗುಂಪೂ ಒಂದೇ ಪ್ರಶ್ನೆಗೆ ಜಗಳವಾಡಿವೆ: ಶಿಕ್ಷೆ ಕೊಡಬೇಕೇ, ಬಿಡಬೇಕೇ? ಕಾನೂನಿನಲ್ಲಿ ಆ ಪ್ರಶ್ನೆ ಬರುವುದು ಕೊನೆಗೆ. ಸೆರೆಸಿಕ್ಕ ಮಕ್ಕಳನ್ನೆಲ್ಲ ತಕ್ಷಣ ಬಿಟ್ಟುಬಿಡಿ ಎಂದು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಹೇಳುವುದಿಲ್ಲ. ಆದರೆ ಹುಡುಗ ಕೈಗೆ ಸಿಕ್ಕ ಗಳಿಗೆಯಿಂದಲೇ ಅವನನ್ನು ಎಲ್ಲಿಡಬೇಕು, ಯಾರ ಜೊತೆ ಇಡಬೇಕು, ಹೇಗೆ ಪ್ರಶ್ನಿಸಬೇಕು, ಎಷ್ಟು ಬೇಗ ಯಾರಿಗೆ ಒಪ್ಪಿಸಬೇಕು ಎಂಬುದನ್ನೆಲ್ಲ ಅವನ ವಯಸ್ಸು ನಿರ್ಧರಿಸುತ್ತದೆ. ಖಾದರ್ ಪ್ರಕರಣ ಕೆಟ್ಟದ್ದು ಕೋರ್ಟಿನಲ್ಲಲ್ಲ. ಕೋರ್ಟು ಶುರುವಾಗುವ ವರ್ಷಗಳ ಮೊದಲೇ ಅದು ಕೆಟ್ಟುಹೋಗಿತ್ತು. ಅದಕ್ಕೇ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಮರ್ ಹುಟ್ಟಿದ್ದು 1986ರ ಸೆಪ್ಟೆಂಬರ್ 19ರಂದು, ಕೆನಡಾದ ಟೊರಾಂಟೊದಲ್ಲಿ. ತಂದೆಗೆ ಅಲ್ ಖೈದಾ ನಾಯಕರ ಒಡನಾಟವಿತ್ತು. ಮಕ್ಕಳನ್ನು ಪಾಕಿಸ್ತಾನ, ಅಫ್ಘಾನಿಸ್ತಾನಗಳಿಗೆ ಕರೆದೊಯ್ದು ಬೆಳೆಸಿದ. ಕೊನೆಗೆ ಒಮರ್‌ನನ್ನು ಭಾಷಾಂತರಕ್ಕೆಂದು ಹೋರಾಟಗಾರರ ಗುಂಪೊಂದರ ಜೊತೆ ಬಿಟ್ಟ. 2002ರ ಜುಲೈ 27ರಂದು ಅಫ್ಘಾನಿಸ್ತಾನದ ಖೋಸ್ತ್ ಹತ್ತಿರದ ಹಳ್ಳಿಯೊಂದರ ಮನೆಯನ್ನು ಅಮೆರಿಕದ ಪಡೆ ಸುತ್ತುವರಿಯಿತು. ಗುಂಡಿನ ಚಕಮಕಿ ನಡೆಯಿತು, ವಿಮಾನಗಳು ಬಾಂಬ್ ಹಾಕಿದವು. ಆಮೇಲೆ ಒಳನುಗ್ಗಿದವರ ಮೇಲೆ ಗ್ರೆನೇಡ್ ಬಿತ್ತು. ಗಾಯಗೊಂಡ ಸಾರ್ಜೆಂಟ್ ಕ್ರಿಸ್ಟೊಫರ್ ಸ್ಪಿಯರ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವಶೇಷಗಳ ನಡುವೆ ಒಮರ್ ಸಿಕ್ಕಾಗ ಬೆನ್ನಿಗೆ ಎರಡು ಗುಂಡು ಹೊಕ್ಕಿದ್ದವು, ಕಣ್ಣಿಗೆ ಚೂರುಗಳು ಬಡಿದಿದ್ದವು. ಆಗ ಅವನಿಗೆ ಹದಿನೈದು ವರ್ಷ, ಹತ್ತು ತಿಂಗಳು.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಒಂದು, ಅವನು ಯಾವ ಬಗೆಯ ಸೆರೆಯಾಳು ಎಂಬುದು. ಇನ್ನೊಂದು, ಅವನ ವಯಸ್ಸು.

ಮೊದಲನೆಯದನ್ನೇ ತೆಗೆದುಕೊಳ್ಳಿ. ಒಂದು ದೇಶದ ಸೇನೆಯ ಸೈನಿಕ ಶತ್ರುವಿನ ಕೈಗೆ ಸಿಕ್ಕರೆ ಅವನು ಯುದ್ಧಕೈದಿ. ಯುದ್ಧ ಮಾಡಿದ್ದಕ್ಕೆ, ಎದುರಾಳಿ ಸೈನಿಕನನ್ನು ಕೊಂದಿದ್ದಕ್ಕೆ ಅವನ ಮೇಲೆ ಕೊಲೆ ಮೊಕದ್ದಮೆ ಹೂಡುವಂತಿಲ್ಲ. ಊರಿನ ಜನರನ್ನು ಕೊಂದಿದ್ದರೆ, ಸೆರೆಯಾಳುಗಳನ್ನು ಹಿಂಸಿಸಿದ್ದರೆ ಮಾತು ಬೇರೆ. ಯುದ್ಧಕೈದಿಯ ಸ್ಥಾನಮಾನಕ್ಕೆ ಕನಿಷ್ಠ ವಯಸ್ಸು ಎಂಬುದೇ ಇಲ್ಲ ಎಂದರೆ ಬಹಳ ಜನ ನಂಬುವುದಿಲ್ಲ. ಹದಿನಾರರ ಸೈನಿಕನೂ ಯುದ್ಧಕೈದಿಯೇ. ಅವನನ್ನು ಕದನ ಮುಗಿಯುವವರೆಗೂ ಹಿಡಿದಿಡಬಹುದು. ಇರಾನ್–ಇರಾಕ್ ಯುದ್ಧದಲ್ಲಿ ಇರಾಕ್ ಸೆರೆಹಿಡಿದ ಇರಾನಿ ಹುಡುಗರು ವರ್ಷಗಟ್ಟಲೆ ಶಿಬಿರಗಳಲ್ಲೇ ಬೆಳೆದರು. ದೇಶದೊಳಗಿನ ಬಂಡಾಯದಲ್ಲಿ, ಅಥವಾ ಯಾವ ದೇಶದ ಸೇನೆಗೂ ಸೇರದ ಗುಂಪಿನ ಜೊತೆ ಸಿಕ್ಕವರಿಗೆ ಈ ರಕ್ಷಣೆಯಿಲ್ಲ. ಅಲ್ಲಿ ಹಿಡಿದ ದೇಶ ತನ್ನ ಸಾಮಾನ್ಯ ಕಾನೂನಿನಂತೆ ಮೊಕದ್ದಮೆ ಹೂಡಬಹುದು. ಆದರೆ ಅದು ಕೊಲೆಯ ಮೊಕದ್ದಮೆ, ಯುದ್ಧಾಪರಾಧದ್ದಲ್ಲ. ಎದುರಿಗಿರುವ ಸಶಸ್ತ್ರ ಸೈನಿಕನ ಮೇಲೆ ಗ್ರೆನೇಡ್ ಎಸೆಯುವುದು ಅಷ್ಟರಿಂದಲೇ ಯುದ್ಧಾಪರಾಧವಾಗುವುದಿಲ್ಲ. ಅಮೆರಿಕ ಮಾಡಿದ್ದು ಇದಕ್ಕೆ ವಿರುದ್ಧವಾದದ್ದನ್ನು. ಖಾದರ್‌ಗೆ ಯುದ್ಧಕೈದಿಯ ರಕ್ಷಣೆ ಕೊಡಲಿಲ್ಲ, ಸಾಮಾನ್ಯ ಕೋರ್ಟಿಗೂ ಒಯ್ಯಲಿಲ್ಲ. ಮಿಲಿಟರಿ ಕಮಿಷನ್ ಎಂಬ ಹೊಸ ನ್ಯಾಯಮಂಡಳಿ ಕಟ್ಟಿ, ‘ಯುದ್ಧದ ಕಾನೂನು ಮುರಿದು ಮಾಡಿದ ಕೊಲೆ’ ಎಂದು ಆರೋಪ ಹೊರಿಸಿತು. ನನ್ನ ದೃಷ್ಟಿಯಲ್ಲಿ ಅದು ವಯಸ್ಕನ ಮೇಲೆ ಹೊರಿಸಿದರೂ ನಿಲ್ಲದ ಆರೋಪ.

ಇನ್ನು ವಯಸ್ಸು. ಇದರಲ್ಲಿ ಎರಡು ಗೆರೆಗಳಿವೆ, ಗೊಂದಲ ಹುಟ್ಟುವುದು ಅಲ್ಲೇ. ಯುದ್ಧದಲ್ಲಿ ಪಾಲಿಸಬೇಕಾದ ನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಹೆಚ್ಚುವರಿ ಪ್ರೋಟೊಕಾಲ್‌ಗಳು ಹದಿನೈದಕ್ಕಿಂತ ಚಿಕ್ಕವರನ್ನು ಸೇನೆಗೆ ಸೇರಿಸಬೇಡಿ, ಕಾಳಗಕ್ಕೆ ಇಳಿಸಬೇಡಿ ಎಂದವು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹದಿನೆಂಟರವರೆಗೆ ಎಲ್ಲರೂ ಮಕ್ಕಳೇ ಎಂದರೂ ಯುದ್ಧದ ವಿಷಯದಲ್ಲಿ ಹದಿನೈದನ್ನೇ ಉಳಿಸಿಕೊಂಡಿತು. ಆ ಕೊರತೆ ತುಂಬಲು 2000ದಲ್ಲಿ ಐಚ್ಛಿಕ ಪ್ರೋಟೊಕಾಲ್ ಬಂತು. ಸರ್ಕಾರಿ ಸೇನೆಗಳು ಹದಿನೆಂಟು ತುಂಬದವರನ್ನು ನೇರ ಕಾಳಗಕ್ಕೆ ಇಳಿಸಬಾರದು, ಬಂಡುಕೋರ ಗುಂಪುಗಳಂತೂ ಅಂಥವರನ್ನು ಸೇರಿಸಿಕೊಳ್ಳಲೇಬಾರದು, ಹಾಗೆ ಸೇರಿಸಲ್ಪಟ್ಟ ಮಕ್ಕಳು ಒಂದು ದೇಶದ ಕೈಗೆ ಸಿಕ್ಕರೆ ಅವರ ದೇಹ, ಮನಸ್ಸು ಚೇತರಿಸಿಕೊಂಡು ಮತ್ತೆ ಸಮಾಜದೊಳಗೆ ಸೇರಲು ಆ ದೇಶ ನೆರವಾಗಬೇಕು ಎಂದು ಅದು ಹೇಳುತ್ತದೆ. ಅಮೆರಿಕ ಇದನ್ನು ಅನುಮೋದಿಸಿದ್ದು 2002ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಒಮರ್ ಗ್ವಾಂಟನಾಮೊದ ಕೋಣೆಯೊಂದರಲ್ಲಿದ್ದ.

ಸೆರೆಯಲ್ಲಿ ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು, ಕುಟುಂಬದ ಜೊತೆಗಿದ್ದರೆ ಮಾತ್ರ ವಿನಾಯಿತಿ. ಕೃತ್ಯ ನಡೆದಾಗ ಹದಿನೆಂಟು ತುಂಬಿರದಿದ್ದರೆ ಗಲ್ಲಿಗೇರಿಸುವಂತಿಲ್ಲ. ಬಂಧನ ಕೊನೆಯ ದಾರಿಯಾಗಿರಬೇಕು, ಆದಷ್ಟು ಕಡಿಮೆ ಅವಧಿಯದ್ದಾಗಿರಬೇಕು. ಗ್ವಾಂಟನಾಮೊದಲ್ಲಿ ಮಕ್ಕಳಿಗೆಂದೇ ಒಂದು ಮನೆ ಇತ್ತು, ಕ್ಯಾಂಪ್ ಇಗ್ವಾನಾ ಎಂದು ಹೆಸರು. ಮೂವರು ಅಫ್ಘನ್ ಹುಡುಗರನ್ನು ಅಲ್ಲಿ ಬೇರೆಯಾಗಿಟ್ಟು, ಪಾಠ ಹೇಳಿಸಿ, 2004ರ ಜನವರಿಯಲ್ಲಿ ಊರಿಗೆ ಕಳಿಸಿದರು. ಅಂದರೆ ಹೇಗೆ ನೋಡಿಕೊಳ್ಳಬೇಕೆಂದು ಸೇನೆಗೆ ಗೊತ್ತಿರಲಿಲ್ಲ ಎಂದಲ್ಲ. ಒಮರ್‌ಗೆ ಆ ಮನೆ ಸಿಗಲಿಲ್ಲ. ಅಲ್ಲಿಗೆ ಸೇನೆ ಹಾಕಿಕೊಂಡಿದ್ದ ಗೆರೆ ಹದಿನಾರು. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಬಾಗ್ರಾಮ್ ಸೇನಾ ನೆಲೆಯಿಂದ ಅವನನ್ನು ಗ್ವಾಂಟನಾಮೊಗೆ ವಿಮಾನದಲ್ಲಿ ತಂದದ್ದು ಅಕ್ಟೋಬರ್ ಕೊನೆಗೆ, ಹದಿನಾರು ತುಂಬಿ ಕೆಲವೇ ವಾರಗಳಾದ ಮೇಲೆ. ಹಾಗಾಗಿ ದೊಡ್ಡವರ ಜೊತೆಗೇ ಹಾಕಿದರು. ಕಾನೂನಿನ ಗೆರೆ ಹದಿನೆಂಟು ಎಂಬುದನ್ನು ಯಾರೂ ಕೇಳಲಿಲ್ಲ.

ನಿಮ್ಮ ತರಗತಿಯಲ್ಲಿ ಹೆಚ್ಚು ಹೊತ್ತು ಮಾತಾಡಬೇಕಾದದ್ದು ವಿಚಾರಣೆಯ ಬಗ್ಗೆ. ಬಾಗ್ರಾಮ್‌ನಲ್ಲಿ, ಗಾಯ ಇನ್ನೂ ಹಸಿಯಾಗಿದ್ದಾಗಲೇ, ವಿಚಾರಣಾಧಿಕಾರಿಯೊಬ್ಬ ಅವನಿಗೊಂದು ಕಟ್ಟುಕಥೆ ಹೇಳಿದ. ಸುಳ್ಳು ಹೇಳಿದ ಅಫ್ಘನ್ ಹುಡುಗನೊಬ್ಬನನ್ನು ಅಮೆರಿಕದ ಜೈಲಿಗೆ ಕಳಿಸಿದ್ದರು, ಅಲ್ಲಿ ಕೈದಿಗಳು ಅವನ ಮೇಲೆ ಅತ್ಯಾಚಾರ ಮಾಡಿದರು ಎಂದು. ಇದನ್ನು 2010ರಲ್ಲಿ ಆ ಅಧಿಕಾರಿಯೇ ಸಾಕ್ಷಿ ಹೇಳುತ್ತಾ ಒಪ್ಪಿಕೊಂಡ.

2003ರ ಫೆಬ್ರವರಿಯಲ್ಲಿ ಕೆನಡಾದ ಗುಪ್ತಚರ ಅಧಿಕಾರಿಗಳು ಗ್ವಾಂಟನಾಮೊಗೆ ಬಂದರು. ಆ ಭೇಟಿಯ ವಿಡಿಯೊ 2008ರಲ್ಲಿ ಕೋರ್ಟಿನ ಆದೇಶದ ಫಲವಾಗಿ ಹೊರಬಂತು. ತನ್ನ ದೇಶದವರು ಬಂದರು, ಇನ್ನು ಮನೆಗೆ ಕರೆದೊಯ್ಯುತ್ತಾರೆ ಎಂದುಕೊಂಡು ಹುಡುಗ ಮೊದಲ ದಿನ ಗೆಲುವಾಗಿದ್ದ. ಮರುದಿನದ ಹೊತ್ತಿಗೆ, ಇವರು ಬಂದಿರುವುದು ಮಾಹಿತಿಗಾಗಿ, ತನಗಾಗಿ ಅಲ್ಲ ಎಂದು ಗೊತ್ತಾಯಿತು. ಕಿತ್ತಳೆ ಬಣ್ಣದ ಅಂಗಿ ಎತ್ತಿ ಗಾಯ ತೋರಿಸುತ್ತಾನೆ. ಒಳ್ಳೆಯ ಚಿಕಿತ್ಸೆ ಸಿಗುತ್ತಿರುವಂತಿದೆಯಲ್ಲ ಎನ್ನುತ್ತಾನೆ ಎದುರಿಗೆ ಕೂತ ಅಧಿಕಾರಿ. ನಿಮಗೆ ನನ್ನ ಬಗ್ಗೆ ಕಾಳಜಿಯೇ ಇಲ್ಲ ಎನ್ನುತ್ತಾನೆ ಹುಡುಗ. ಅಧಿಕಾರಿಗಳು ಎದ್ದುಹೋದ ಮೇಲೆ ಒಬ್ಬನೇ ತಲೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನೆ. ಆ ಕೋಣೆಯಲ್ಲಿ ವಕೀಲರಿಲ್ಲ, ತಂದೆತಾಯಿಯಿಲ್ಲ, ಮಕ್ಕಳ ಪರವಾಗಿ ಕೂರುವ ಯಾರೊಬ್ಬರೂ ಇಲ್ಲ. ಅವನು ಕೊಟ್ಟ ಉತ್ತರಗಳು ಅಮೆರಿಕದ ವಕೀಲರ ಕೈಸೇರಿದವು. 2004ರಲ್ಲಿ ಕೆನಡಾದ ವಿದೇಶಾಂಗ ಅಧಿಕಾರಿಯೊಬ್ಬರು ಮತ್ತೆ ಬಂದರು. ಹುಡುಗ ‘ಬಾಯಿಬಿಡಲಿ’ ಎಂದು ಮೂರು ವಾರ ಕೆಲವೇ ಗಂಟೆಗೊಮ್ಮೆ ಕೋಣೆ ಬದಲಿಸಿ ನಿದ್ದೆಗೆಡಿಸಲಾಗಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರಶ್ನೆ ಕೇಳಿದರು.

ಇದೇ ನಿದ್ದೆಗೆಡಿಸುವ ಪದ್ಧತಿಗೆ ಇನ್ನೊಬ್ಬ ಹುಡುಗನೂ ಸಿಕ್ಕಿದ. ಮೊಹಮ್ಮದ್ ಜವಾದ್, 2002ರ ಡಿಸೆಂಬರ್‌ನಲ್ಲಿ ಕಾಬೂಲಿನಲ್ಲಿ ಗ್ರೆನೇಡ್ ಎಸೆದನೆಂದು ಹಿಡಿದಿದ್ದ ಅಫ್ಘನ್. ಮನೆಯವರ ಲೆಕ್ಕದಲ್ಲಿ ಆಗ ಅವನಿಗೆ 12, ಅಮೆರಿಕದ ಸೇನೆಯ ಲೆಕ್ಕದಲ್ಲಿ ಸುಮಾರು 17. 2004ರ ಮೇ ತಿಂಗಳಲ್ಲಿ 14 ದಿನಗಳೊಳಗೆ ಅವನನ್ನು 112 ಬಾರಿ ಕೋಣೆಯಿಂದ ಕೋಣೆಗೆ ಬದಲಿಸಿದ್ದರು. ಒಪ್ಪಿಕೊಳ್ಳದಿದ್ದರೆ ನಿನ್ನನ್ನೂ ಮನೆಯವರನ್ನೂ ಕೊಲ್ಲುತ್ತೇವೆ ಎಂದು ಅಫ್ಘನ್ ಪೊಲೀಸರು ಹೆದರಿಸಿ ಪಡೆದ ತಪ್ಪೊಪ್ಪಿಗೆಯನ್ನು ಸೇನಾ ನ್ಯಾಯಾಧೀಶರೇ 2008ರಲ್ಲಿ ತಳ್ಳಿಹಾಕಿದರು. ಅವನ ವಿರುದ್ಧ ವಾದಿಸಬೇಕಿದ್ದ ಸೇನಾ ವಕೀಲ ಡ್ಯಾರೆಲ್ ವ್ಯಾಂಡೆವೆಲ್ಡ್ ಮನಸ್ಸಾಕ್ಷಿ ಒಪ್ಪದೆ ಪ್ರಕರಣದಿಂದ ಹೊರಬಂದರು. 2009ರ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶೆ ಎಲೆನ್ ಹ್ಯೂವೆಲ್ ಬಿಡುಗಡೆಗೆ ಆದೇಶಿಸಿದರು, ಮುಂದಿನ ತಿಂಗಳೇ ಅವನು ಕಾಬೂಲಿಗೆ ಮರಳಿದ. ವಯಸ್ಕರ ಮೇಲೂ ಇಂಥ ಹಿಂಸೆ ಕಾನೂನುಬಾಹಿರವೇ. ಮಕ್ಕಳ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿರುವುದಕ್ಕೆ ಕಾರಣವಿದೆ. ಹೆದರಿದ ಮಗು ಎದುರಿಗಿರುವವರು ಏನು ಕೇಳಲು ಬಯಸುತ್ತಾರೋ ಅದನ್ನೇ ಹೇಳುತ್ತದೆ. ಹಾಗೆ ಹೇಳಿಸಿಕೊಂಡದ್ದರಿಂದ ನಿಜವಾಗಿ ಗ್ರೆನೇಡ್ ಎಸೆದವರು ಯಾರೆಂಬ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಖಾದರ್ ಮೊಕದ್ದಮೆಯನ್ನು ಚುಟುಕಾಗಿ ಹೇಳುತ್ತೇನೆ. ಬಾಲಯೋಧನನ್ನು ಇಲ್ಲಿ ವಿಚಾರಿಸುವಂತಿಲ್ಲ ಎಂಬ ವಾದವನ್ನು ಕಮಿಷನ್ 2008ರಲ್ಲಿ ತಿರಸ್ಕರಿಸಿತು. ಬಾಗ್ರಾಮ್‌ನ ಬೆದರಿಕೆಯ ನಂತರವೂ ಅವನ ಹೇಳಿಕೆಗಳು ಸಾಕ್ಷ್ಯವಾಗಿ ನಿಲ್ಲುತ್ತವೆ ಎಂದು 2010ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. ಶ್ರೀಲಂಕಾದ ವಕೀಲೆ ರಾಧಿಕಾ ಕುಮಾರಸ್ವಾಮಿ ಆಗ ಮಕ್ಕಳು ಮತ್ತು ಯುದ್ಧದ ವಿಷಯದಲ್ಲಿ ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದರು. ಈ ವಿಚಾರಣೆ ಬೇಡ ಎಂದು ಅವರು ಬಹಿರಂಗವಾಗಿಯೇ ಕೇಳಿಕೊಂಡರು. ಅಕ್ಟೋಬರ್‌ನಲ್ಲಿ ಖಾದರ್ ತಪ್ಪೊಪ್ಪಿಕೊಂಡ. ಸೇನಾ ಜ್ಯೂರಿ 40 ವರ್ಷ ಎಂದಿತು, ಆದರೆ ಮೊದಲೇ ಆಗಿದ್ದ ಒಪ್ಪಂದದಂತೆ ಶಿಕ್ಷೆ 8 ವರ್ಷ. ಒಪ್ಪಿಕೊಳ್ಳದಿದ್ದರೆ ಅಲ್ಲಿಂದ ಹೊರಬರುವ ದಾರಿಯೇ ಕಾಣದ್ದರಿಂದ ಒಪ್ಪಿಕೊಂಡೆ ಎಂದು ಅವನು ಆಮೇಲೆ ಹೇಳಿದ. 2012ರ ಸೆಪ್ಟೆಂಬರ್‌ನಲ್ಲಿ ಕೆನಡಾಕ್ಕೆ ವರ್ಗವಾಯಿತು, 2015ರ ಮೇನಲ್ಲಿ ಜಾಮೀನು ಸಿಕ್ಕಿತು.

ಕೆನಡಾದ ಸುಪ್ರೀಂ ಕೋರ್ಟು 2010ರ ಜನವರಿಯಲ್ಲೇ ಒಂದು ಮಾತು ಹೇಳಿತ್ತು. ವಕೀಲರಿಲ್ಲದೆ, ನಿದ್ದೆಗೆಟ್ಟ ಹುಡುಗನನ್ನು, ಉತ್ತರಗಳು ಎದುರು ಪಕ್ಷದ ಕೈಸೇರುತ್ತವೆ ಎಂದು ಗೊತ್ತಿದ್ದೂ ಪ್ರಶ್ನಿಸಿದ್ದು, ಬಂಧನದಲ್ಲಿರುವ ಕಿರಿಯರನ್ನು ನಡೆಸಿಕೊಳ್ಳುವ ಅತಿ ಮೂಲಭೂತ ನಿಯಮಕ್ಕೇ ವಿರುದ್ಧ ಎಂದು. 2017ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ವರದಿಯಾದ ಮೊತ್ತ 1 ಕೋಟಿ 5 ಲಕ್ಷ ಕೆನಡಾ ಡಾಲರ್. ‘ಭಯೋತ್ಪಾದಕನಿಗೆ ಬಹುಮಾನ’ ಎಂದು ಬಹಳ ಜನ ಸಿಟ್ಟಾದರು. ಆದರೆ ಆ ಹಣ ಅವನು ಗ್ರೆನೇಡ್ ಎಸೆದನೋ ಇಲ್ಲವೋ ಎಂಬುದಕ್ಕೆ ಸಂಬಂಧಿಸಿದ್ದಲ್ಲ. ಹದಿನಾರರ ತನ್ನ ಪ್ರಜೆಯ ಜೊತೆ ಸರ್ಕಾರ ಹೇಗೆ ನಡೆದುಕೊಂಡಿತು ಎಂಬುದರ ಬೆಲೆ ಅದು.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಕೊಲಂಬಿಯಾ ದೇಶದ ನಿಯಮ ನೋಡಿ. ಗೆರಿಲ್ಲಾ ಗುಂಪಿನಿಂದ ಹೊರಬಂದ, ಅಥವಾ ಸೇನೆಯ ಕೈಗೆ ಸಿಕ್ಕ ಮಗುವನ್ನು 36 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಂಸ್ಥೆಗೆ ಒಪ್ಪಿಸಬೇಕು, ಗುಪ್ತ ಮಾಹಿತಿ ತೆಗೆಯಲು ಬಳಸುವಂತಿಲ್ಲ. ಸೇನೆ ಇದನ್ನು ಎಷ್ಟೋ ಸಲ ಮೀರಿದೆ, ನಿಜ. ಆದರೂ ನಿಯಮ ಗಂಟೆಗಳ ಲೆಕ್ಕದಲ್ಲಿರುವುದು ದೊಡ್ಡ ವಿಷಯ. ಸೆರೆಸಿಕ್ಕ ಮಗುವಿಗೆ ಅತಿ ಹೆಚ್ಚು ಅಪಾಯವಿರುವುದು ಆ ಮೊದಲ ಗಂಟೆಗಳಲ್ಲೇ. ಮಾಲಿ, ನೈಜೀರಿಯಾದಂಥ ದೇಶಗಳೂ ವಿಶ್ವಸಂಸ್ಥೆಯ ಜೊತೆ ಇಂಥ ಹಸ್ತಾಂತರ ಒಪ್ಪಂದಗಳಿಗೆ ಸಹಿ ಹಾಕಿವೆ.

ನಮ್ಮ ಪಕ್ಕದ ಶ್ರೀಲಂಕಾದ ಉದಾಹರಣೆ ನಿಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾಗಬಹುದು. ಎಲ್‌ಟಿಟಿಇ ಮಕ್ಕಳನ್ನು ಬಲವಂತವಾಗಿ ಎಳೆದುಕೊಂಡು ಹೋಗುತ್ತಿದ್ದದ್ದು ಗೊತ್ತಿರುವುದೇ. 2009ರ ಮೇನಲ್ಲಿ ಯುದ್ಧ ಮುಗಿದಾಗ ಸಿಕ್ಕವರಲ್ಲಿ 594 ಮಕ್ಕಳಿದ್ದರು. ಅವರನ್ನು ದೊಡ್ಡವರಿಂದ ಬೇರ್ಪಡಿಸಿ ಅಂಬೇಪುಸ್ಸ ಪುನರ್ವಸತಿ ಕೇಂದ್ರಕ್ಕೂ ರತ್ಮಲಾನದ ಹಿಂದೂ ಕಾಲೇಜಿಗೂ ಕಳಿಸಿದರು. ಶಾಲೆ ಬಿಟ್ಟವರಿಗೆ ಮತ್ತೆ ಪಾಠ ಶುರುವಾಯಿತು. ಮೊಕದ್ದಮೆ ಹೂಡಲಿಲ್ಲ. ಒಂದು ವರ್ಷದೊಳಗೆ ಎಲ್ಲರೂ ಮನೆ ಸೇರಿದರು. ಆ ಯುದ್ಧದ ಕೊನೆಯ ತಿಂಗಳುಗಳಲ್ಲಿ ನಾಗರಿಕರ ಮೇಲೆ ನಡೆದದ್ದನ್ನು ಇದು ಮುಚ್ಚಿಹಾಕುವುದಿಲ್ಲ, ಮುಚ್ಚಲೂಬಾರದು. ಆದರೆ ಈ ಒಂದು ವಿಷಯದಲ್ಲಿ, ಗ್ವಾಂಟನಾಮೊಗಿಂತ ಎಷ್ಟೋ ಕಡಿಮೆ ಹಣವಿದ್ದ ದೇಶ ಎಷ್ಟೋ ಒಳ್ಳೆಯದಾಗಿ ನಡೆದುಕೊಂಡಿತು. ಇದಕ್ಕೆ ತದ್ವಿರುದ್ಧ ಈಶಾನ್ಯ ಸಿರಿಯಾ. 2022ರ ಜನವರಿಯಲ್ಲಿ ಹಸಕಾ ನಗರದ ಸೆರೆಮನೆಯ ಮೇಲೆ ಐಸಿಸ್ ದಾಳಿ ನಡೆದಾಗ ಒಳಗೆ ಸುಮಾರು 700 ಹುಡುಗರಿದ್ದರು. ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ, ಸ್ವಂತ ದೇಶಗಳಿಗೂ ಬೇಡ.

ಮಕ್ಕಳನ್ನು ಯುದ್ಧಕ್ಕೆ ಎಳೆದವರನ್ನು ಕಾನೂನು ಸುಮ್ಮನೆ ಬಿಡುವುದಿಲ್ಲ. ಹದಿನೈದು ತುಂಬದವರನ್ನು ಸೇರಿಸಿಕೊಳ್ಳುವುದು, ಕಾಳಗಕ್ಕೆ ಬಳಸುವುದು ಯುದ್ಧಾಪರಾಧ. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಕೊಟ್ಟ ಮೊಟ್ಟಮೊದಲ ತೀರ್ಪೇ ಇದರ ಮೇಲೆ. ಕಾಂಗೋದ ಥಾಮಸ್ ಲುಬಾಂಗಾಗೆ 2012ರಲ್ಲಿ 14 ವರ್ಷ ಶಿಕ್ಷೆಯಾಯಿತು. ಅದೇ ನ್ಯಾಯಾಲಯಕ್ಕೆ ಕೃತ್ಯದ ವೇಳೆ ಹದಿನೆಂಟು ತುಂಬದವರ ಮೇಲೆ ಅಧಿಕಾರವೇ ಇಲ್ಲ. ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯಕ್ಕೆ ಹದಿನೈದರಿಂದ ಮೇಲಿನವರನ್ನು ವಿಚಾರಿಸುವ ಅಧಿಕಾರವಿತ್ತು. ಆದರೂ ಅದರ ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಮಕ್ಕಳ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಘೋಷಿಸಿ ಹಾಗೇ ನಡೆದುಕೊಂಡರು. ಈ ರಕ್ಷಣೆ ಜೀವನಪೂರ್ತಿ ಇರುವುದಲ್ಲ. ಉಗಾಂಡದ ಡೊಮಿನಿಕ್ ಓಂಗ್ವೆನ್‌ನನ್ನು ಸುಮಾರು ಒಂಬತ್ತನೇ ವಯಸ್ಸಿಗೆ ಬಂಡುಕೋರರು ಶಾಲೆಗೆ ಹೋಗುವ ದಾರಿಯಲ್ಲಿ ಹೊತ್ತೊಯ್ದರು. ದೊಡ್ಡವನಾದ ಮೇಲೆ ಅವನೇ ದಳಪತಿಯಾಗಿ ಮಾಡಿಸಿದ ಕೊಲೆ, ಅತ್ಯಾಚಾರ, ಮಕ್ಕಳ ಅಪಹರಣಕ್ಕೆ 2021ರಲ್ಲಿ 25 ವರ್ಷ ಶಿಕ್ಷೆಯಾಯಿತು. ಅವನ ಬಾಲ್ಯ ಶಿಕ್ಷೆಯನ್ನು ತಗ್ಗಿಸಿತು, ಅಪರಾಧವನ್ನು ಅಳಿಸಲಿಲ್ಲ.

ಇನ್ನು ನಮ್ಮ ದೇಶ. ಭಾರತ 1949ರ ಜಿನೀವಾ ಒಪ್ಪಂದಗಳಿಗೆ ಬದ್ಧ, 1960ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂದಿದೆ. 1977ರ ಪ್ರೋಟೊಕಾಲ್‌ಗಳಿಗೆ ಸೇರಿಲ್ಲ, ಹೇಗ್ ನ್ಯಾಯಾಲಯಕ್ಕೂ ಸೇರಿಲ್ಲ. ಬಾಲಯೋಧರ ಐಚ್ಛಿಕ ಪ್ರೋಟೊಕಾಲ್ ಅನ್ನು 2005ರಲ್ಲಿ ಅನುಮೋದಿಸಿತು. ಮಾವೋವಾದಿ ಪ್ರದೇಶವಾಗಲಿ, ಕಾಶ್ಮೀರ, ಮಣಿಪುರಗಳಾಗಲಿ, ಅಲ್ಲಿರುವುದು ಯುದ್ಧವಲ್ಲ, ಆಂತರಿಕ ಭದ್ರತೆಯ ವಿಷಯ ಎಂಬುದು ಸರ್ಕಾರದ ನಿಲುವು. ಆ ನಿಲುವಿನ ಬಗ್ಗೆ ವಾದಗಳಿವೆ. ಆದರೆ ಅದರಿಂದ ಮಕ್ಕಳಿಗೆ ಒಂದು ಅನುಕೂಲವಾಗುತ್ತದೆ: ದೇಶದ ಸಾಮಾನ್ಯ ಬಾಲನ್ಯಾಯ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತದೆ. ಬಂದೂಕಿನ ಜೊತೆ ಸಿಕ್ಕ ಹದಿನಾರರ ಹುಡುಗನನ್ನೂ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. ಹದಿನಾರು ತುಂಬಿದ್ದು ಘೋರ ಅಪರಾಧದ ಆರೋಪವಿದ್ದರೆ, ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲೂ ಮರಣದಂಡನೆಯಾಗಲಿ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯಾಗಲಿ ವಿಧಿಸುವಂತಿಲ್ಲ. 2015ರ ಕಾಯ್ದೆಯ 83ನೇ ಸೆಕ್ಷನ್ ಮಕ್ಕಳನ್ನು ಸೇರಿಸಿಕೊಳ್ಳುವ ಉಗ್ರಗಾಮಿ ಗುಂಪಿನವರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ಎನ್ನುತ್ತದೆ.

ವಯಸ್ಸು ಸುಳ್ಳು ಹೇಳಿದರೆ ಏನು ಗತಿ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಮುಂಬೈ ದಾಳಿಯ ಅಜ್ಮಲ್ ಕಸಬ್ ಹಾಗೆ ಹೇಳಿದ್ದ, ನನಗಿನ್ನೂ ಹದಿನೆಂಟು ತುಂಬಿಲ್ಲ ಎಂದು. ವಿಶೇಷ ನ್ಯಾಯಾಲಯ ಗದರಿಸಿ ಕೂರಿಸಲಿಲ್ಲ, 2009ರಲ್ಲಿ ಮೂಳೆ, ಹಲ್ಲುಗಳ ಪರೀಕ್ಷೆ ಮಾಡಿಸಿತು. 20 ದಾಟಿದೆ ಎಂದು ವೈದ್ಯರು ವರದಿ ಕೊಟ್ಟ ಮೇಲೆ ವಯಸ್ಕನೆಂದೇ ವಿಚಾರಣೆ ನಡೆಸಿತು. ಮೂಳೆ ಪರೀಕ್ಷೆಯಲ್ಲಿ ಒಂದೆರಡು ವರ್ಷ ಆಚೀಚೆ ಆಗುತ್ತದೆ. ಅದಕ್ಕೇ ನಮ್ಮ ಕಾಯ್ದೆ ಮೊದಲು ಶಾಲೆಯ ದಾಖಲೆ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಸಿಗದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ ಎನ್ನುತ್ತದೆ.

ಕೊನೆಗೆ, ಸತ್ತವನಿಗೂ ಮಕ್ಕಳಿದ್ದರಲ್ಲ ಎಂದ ವಿದ್ಯಾರ್ಥಿಗೆ. ಹೌದು, ಸ್ಪಿಯರ್ ಅವರಿಗೆ ಇಬ್ಬರು ಪುಟ್ಟ ಮಕ್ಕಳಿದ್ದರು. ಅವರ ಪತ್ನಿಯೂ, ಅದೇ ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡ ಸೈನಿಕನೂ ಹೂಡಿದ ದಾವೆಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿರುವ ಫೆಡರಲ್ ಕೋರ್ಟು 2015ರಲ್ಲಿ 13 ಕೋಟಿ ಡಾಲರ್‌ಗೂ ಮಿಕ್ಕಿದ ಪರಿಹಾರ ಘೋಷಿಸಿತು. ಆ ಹೆಣ್ಣುಮಗಳ ನೋವನ್ನು ಯಾವ ಪ್ರೋಟೊಕಾಲ್ ತೋರಿಸಿಯೂ ಚಿಕ್ಕದು ಮಾಡಬಾರದು, ಆ ವಿದ್ಯಾರ್ಥಿಯ ಪ್ರಶ್ನೆಯನ್ನೂ ಬದಿಗೆ ಸರಿಸಬೇಡಿ. ಅವನಿಗೊಂದು ಮಾತು ತಿಳಿಸಿ. ಆ ದಿನ ಮನೆಯೊಳಗೆ ಏನಾಯಿತು, ಗ್ರೆನೇಡ್ ಯಾರ ಕೈಯಿಂದ ಬಂತು ಎಂದು ಸಾಕ್ಷಿಗಳ ಪಾಟೀಸವಾಲು ನಡೆದು ನಿರ್ಣಯವಾಗುವುದು ಆ ಕುಟುಂಬಕ್ಕೂ ಸಲ್ಲಬೇಕಿದ್ದ ನ್ಯಾಯ. ಹೆದರಿಸಿ ತೆಗೆದ ಹೇಳಿಕೆ ಮತ್ತು ಚೌಕಾಸಿಯ ತಪ್ಪೊಪ್ಪಿಗೆಯ ನಡುವೆ ಅವರಿಗೆ ಸಿಗದೆ ಹೋದದ್ದು ಅದೇ. ಹುಡುಗನನ್ನು ಮೊದಲ ವಾರದಲ್ಲೇ ಬೇರೆಯಿಟ್ಟು, ವಕೀಲರನ್ನು ಕೊಟ್ಟು, ಬಾಲಾಪರಾಧಿಗಳ ಸಾಮಾನ್ಯ ನ್ಯಾಯಾಲಯಕ್ಕೆ ಒಯ್ದಿದ್ದರೆ ಅದು ಸಿಗುವ ಸಾಧ್ಯತೆಯಾದರೂ ಇತ್ತು.